ಮೋಷನ್ ಆಗ್ತಿಲ್ಲ ಅಂತ ಆಪರೇಷನ್ನಾ? ಯಾವುದು, ಯಾರಿಗೆ, ಯಾವಾಗ

ಮದುವೆ ಮನೇಲಿ ಊಟ ಮುಗಿಸಿ ಕೈ ತೊಳೀತಿರೋವಾಗ ಯಾರಾದ್ರೂ ಮೆತ್ತಗೆ ಪಕ್ಕಕ್ಕೆ ಕರೆದ್ರೆ ನಂಗೆ ಈಗ ಗೊತ್ತಾಗ್ಬಿಡುತ್ತೆ ವಿಷಯ ಏನು ಅಂತ. "ನಿಮ್ಮಕ್ಕಂಗೆ ಅದೇನೋ ಪ್ರಾಬ್ಲಮ್ ಇತ್ತಲ್ಲ, ನಂಗೂ ಅದೇ ಕಣ್ರೀ, ಒಬ್ರು ಡಾಕ್ಟ್ರು ದೊಡ್ಡ ಕರುಳೇ ತೆಗೀಬೇಕು ಅಂತಾರೆ, ಇನ್ನೊಬ್ರು ಜಾಲರಿ ಹಾಕಿ ಎತ್ತಿ ಕಟ್ತೀನಿ ಅಂತಾರೆ, ಮತ್ತೊಬ್ರು ಹೊಟ್ಟೆಗೆ ಚೀಲ ಅಂತಾರೆ, ಯಾವ್ದು ಮಾಡಿಸ್ಲಿ?" ಸಕ್ಕರೆ ಕಾಯಿಲೆ ಆದ್ರೆ ಊರಿಗೆಲ್ಲಾ ಹೇಳ್ಕೊಂಡು ತಿರುಗ್ತೀವಿ, ಹೊಟ್ಟೆ ಕಟ್ಟಿದ್ರೆ ಮಾತ್ರ ಗಂಡನ ಹತ್ರ ಹೇಳೋಕೂ ನಾಚಿಕೆ. ಹಾಗಾಗಿ ಒಂದ್ಸಲ ಎಲ್ಲಾನೂ ಬರೆದಿಟ್ಬಿಡೋಣ ಅಂತ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಡಾಕ್ಟ್ರಲ್ಲ. ಅಕ್ಕನ ಫೈಲ್ ಹಿಡ್ಕೊಂಡು ಮೂರು ವರ್ಷ ಆಸ್ಪತ್ರೆ ಕಾರಿಡಾರ್ ಸುತ್ತಿದವಳು, ಅಷ್ಟೇ. ಅಕ್ಕಂಗೆ ಎರಡನೇ ಹೆರಿಗೆ ಆದ್ಮೇಲೆ ಶುರುವಾಗಿದ್ದು, ಬೆಳಿಗ್ಗೆ ಒಳಗೆ ಹೋದ್ರೆ ಮುಕ್ಕಾಲು ಗಂಟೆ ಬರ್ತಿರ್ಲಿಲ್ಲ, ಭಾವ ಹೊರಗಡೆಯಿಂದ ಬಾಗಿಲು ಬಡೀತಿದ್ರು. ತ್ರಿಫಲ, ಸೋನಾಮುಖಿ, ಹರಳೆಣ್ಣೆ, ಪುಡಿ, ಸಿರಪ್ಪು, ಎನಿಮಾ ಎಲ್ಲಾ ಆಯ್ತು. ಕೊನೆಗೆ ಒಂದು ಪ್ರೈವೇಟ್ ಆಸ್ಪತ್ರೇಲಿ ದೊಡ್ಡ ಕರುಳು ತೆಗೆಯೋಕೆ ಡೇಟೂ ಕೊಟ್ಟಿದ್ರು. ಬೇರೆ ಕಡೆ ಇನ್ನೊಬ್ಬ ಸರ್ಜನ್ನಿಗೆ ತೋರಿಸಿದ್ವಿ, ಅವರು ಫೈಲ್ ತಿರುವಿ ಹಾಕಿ ಕೇಳಿದ್ದು ಒಂದೇ ಪ್ರಶ್ನೆ: "ಬಲೂನ್ ಟೆಸ್ಟ್ ಎಲ್ಲಮ್ಮಾ?" ಮಾಡಿಸೇ ಇರ್ಲಿಲ್ಲ. ಆ ಕಥೆ ಆಮೇಲೆ ಹೇಳ್ತೀನಿ.

ಯಾವ್ದನ್ನ ನೋಡಿ ಆರಿಸ್ಬೇಕು

ಆಪರೇಷನ್ ಹೆಸರುಗಳನ್ನ ಪಕ್ಕಪಕ್ಕ ಇಟ್ಟು ಯಾವುದು ಒಳ್ಳೇದು ಅಂತ ಕೇಳಿದ್ರೆ ಉತ್ತರ ಸಿಗಲ್ಲ. ನಲ್ಲೀಲಿ ನೀರು ಬರ್ತಿಲ್ಲ ಅಂದ್ರೆ ಮೋಟರ್ ಕೆಟ್ಟಿದ್ಯಾ ನಲ್ಲಿ ಕಟ್ಟಿದ್ಯಾ ಅಂತ ನೋಡದೆ ಮೋಟರ್ ಬದಲಾಯಿಸಿದ್ರೆ ಏನಾಗುತ್ತೋ ಇಲ್ಲೂ ಅದೇ ಆಗೋದು. ನಾನು ಐದು ವಿಷಯ ನೋಡ್ತೀನಿ. ತೊಂದರೆ ಎಲ್ಲಿದೆ, ಕರುಳು ತಳ್ಳೋದೇ ನಿಧಾನವಾ, ಇಲ್ಲಾ ಬಾಗಿಲ ಹತ್ರ, ಅಂದ್ರೆ ಗುದದ್ವಾರದ ಹತ್ರ, ಬಂದು ಸಿಕ್ಕೊಳ್ತಾ ಇದ್ಯಾ, ಇದು ಮೊದಲನೇದು, ಮಿಕ್ಕ ನಾಲ್ಕೂ ಇದರ ಹಿಂದೆ. ಆಮೇಲೆ, ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ಮೊದಲಿನ ಹಾಗೆ ಮಾಡ್ಬಹುದಾ. ಮಾಡಿಸ್ಕೊಂಡ ಮೇಲೆ ನಿಮ್ಮ ದಿನ ಹೇಗಿರುತ್ತೆ, ಅಂದ್ರೆ ಟಾಯ್ಲೆಟ್ಟು, ನೀರು, ಕೆಲಸ, ಪ್ರಯಾಣ, ಗಂಡ ಹೆಂಡ್ತಿ ಸಂಬಂಧ, ಮುಂದೆ ಮಕ್ಕಳು ಬೇಕಾ. ದುಡ್ಡು ಒಂದೇ ಸಲವಾ ಇಲ್ಲಾ ತಿಂಗಳು ತಿಂಗಳು ಹೋಗುತ್ತಾ. ಕೊನೇದು, ಇದು ಕೆಲಸ ಮಾಡುತ್ತೆ ಅನ್ನೋಕೆ ಸರಿಯಾದ ಪುರಾವೆ ಇದ್ಯಾ ಇಲ್ಲಾ ಹೊಸ ಮಿಷನ್ ಬಂದಿದೆ ಅಂತ ಮಾಡ್ತಿದಾರಾ.

ಆಪರೇಷನ್ ಮಾತು ಎತ್ತೋಕೆ ಮುಂಚೆ

ಪುಸ್ತಕದಲ್ಲಿ ವಾರಕ್ಕೆ ಮೂರು ಸಲಕ್ಕಿಂತ ಕಮ್ಮಿ ಆದ್ರೆ ಮಲಬದ್ಧತೆ ಅಂತ ಇದೆ, ಅದು ವಿದೇಶದವರ ಲೆಕ್ಕ. ನಮ್ಮ ಜನ ಸಾಮಾನ್ಯವಾಗಿ ದಿನಾ ಒಂದ್ಸಲನಾದ್ರೂ ಹೋಗೋರು, ಹಾಗಾಗಿ ದಿನಾ ಹೋಗ್ತಿದ್ರೂ ಅರ್ಧ ಗಂಟೆ ತಿಣುಕಿ ಮುಕ್ಕಿ, ಪೂರ್ತಿ ಆಗ್ಲಿಲ್ಲ ಅನ್ನೋ ಭಾವನೇಲಿ ಎದ್ದು ಬರೋರೂ ಇದೇ ಸಾಲಿಗೆ ಸೇರ್ತಾರೆ.

ಔಷಧಿ ಎಲ್ಲಾ ತಗೊಂಡಿದೀನಿ ಅಂತ ಹೇಳೋರಲ್ಲಿ ಸುಮಾರು ಜನ ಸರಿಯಾಗಿ ತಗೊಂಡಿರಲ್ಲ. ಎರಡು ದಿನ ಇದು, ನಾಲ್ಕು ದಿನ ಅದು. ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಲ್ಯಾಕ್ಟುಲೋಸ್, ಬಿಸಾಕೋಡಿಲ್, ಆಮೇಲೆ ಪ್ರುಕಲೋಪ್ರೈಡ್, ಲುಬಿಪ್ರೋಸ್ಟೋನ್, ಲಿನಾಕ್ಲೋಟೈಡ್ ಥರದ್ದು, ಇವನ್ನ ಸರಿಯಾದ ಡೋಸಲ್ಲಿ ವಾರಗಟ್ಟಲೆ ನೋಡಿರ್ಬೇಕು. ಇಸಬ್ಗೋಲ್ ಬಗ್ಗೆ ಒಂದು ಮಾತು: ಕರುಳೇ ನಿಧಾನ ಇರೋರಿಗೆ ನಾರು ಜಾಸ್ತಿ ಸುರಿದಷ್ಟೂ ಹೊಟ್ಟೆ ಉಬ್ಬರ ಜಾಸ್ತಿ, ಜಾಮ್ ಆಗಿರೋ ರೋಡಿಗೆ ಇನ್ನೂ ನಾಲ್ಕು ಲಾರಿ ಬಿಟ್ಟಂಗೆ. "ಸೊಪ್ಪು ತಿನ್ನಮ್ಮ, ನೀರು ಕುಡಿಯಮ್ಮ" ಅಂತ ಬುದ್ಧಿ ಹೇಳೋರಿಗೆ ಇದು ಗೊತ್ತಿರಲ್ಲ.

ನೀವು ನುಂಗ್ತಿರೋ ಬೇರೆ ಮಾತ್ರೆಗಳನ್ನೂ ನೋಡಿಸಿ. ಕಬ್ಬಿಣಾಂಶದ ಮಾತ್ರೆ, ಟ್ರಮಡಾಲ್, ಕೋಡೀನ್ ಇರೋ ಕೆಮ್ಮಿನ ಸಿರಪ್ಪು, ಅಮಿಟ್ರಿಪ್ಟಿಲಿನ್, ಬಿಪಿಗೆ ಕೊಡೋ ವೆರಪಾಮಿಲ್, ಇವೆಲ್ಲಾ ಹೊಟ್ಟೆ ಕಟ್ಟಿಸೋವೇ. ಥೈರಾಯ್ಡ್, ಕ್ಯಾಲ್ಸಿಯಂ, ಶುಗರ್ ಟೆಸ್ಟ್ ಆಗಿರ್ಬೇಕು. ವಯಸ್ಸು 45-50 ದಾಟಿದ ಮೇಲೆ ಹೊಸದಾಗಿ ಶುರುವಾಗಿದ್ರೆ, ರಕ್ತ ಹೋಗ್ತಿದ್ರೆ, ತೂಕ ಇಳೀತಿದ್ರೆ ಮೊದಲು ಕ್ಯಾಮೆರಾ ಹಾಕಿ ದೊಡ್ಡ ಕರುಳು ನೋಡೋ ಕೊಲೊನೋಸ್ಕೋಪಿ ಮಾಡಿಸಿ, ಈ ಬರಹ ಆಮೇಲೆ ಓದಿ. ಹೊಟ್ಟೆ ಊದ್ಕೊಂಡು ವಾಂತಿ ಆಗ್ತಾ ಗಾಳೀನೂ ಹೋಗ್ತಿಲ್ಲ ಅಂದ್ರೆ ಓದ್ತಾ ಕೂರೋದೇ ಬೇಡ, ಎಮರ್ಜೆನ್ಸಿಗೆ ಹೋಗಿ.

ಟೆಸ್ಟುಗಳು, ಇಲ್ಲೇ ಅರ್ಧ ಉತ್ತರ ಇರೋದು

ಕರುಳು ನಿಧಾನವಾ ಅಂತ ನೋಡೋಕೆ ಸಣ್ಣ ಸಣ್ಣ ರಿಂಗ್ ಥರದ ಮಾರ್ಕರ್ ಇರೋ ಕ್ಯಾಪ್ಸೂಲ್ ನುಂಗಿಸಿ ಎಕ್ಸ್‌ರೇ ತೆಗೀತಾರೆ. ವಿದೇಶದ ಪದ್ಧತೀಲಿ 24 ಮಾರ್ಕರ್ ನುಂಗಿಸಿ ಐದನೇ ದಿನ ನೋಡ್ತಾರೆ, ಐದಕ್ಕಿಂತ ಜಾಸ್ತಿ ಉಳಿದಿದ್ರೆ ನಿಧಾನ ಅಂತ. ನಮ್ಮವರ ಕರುಳು ಅವರಿಗಿಂತ ಫಾಸ್ಟು, ಐದು ದಿನ ಕಾದ್ರೆ ಸುಮಾರು ಜನರದ್ದು ನಾರ್ಮಲ್ ಅಂತಾನೇ ಕಾಣುತ್ತೆ, ಅದಕ್ಕೆ ಲಖನೌದ ಎಸ್‌ಜಿಪಿಜಿಐ ಅನ್ನೋ ದೊಡ್ಡ ಸರ್ಕಾರಿ ಆಸ್ಪತ್ರೆಯ ಡಾಕ್ಟ್ರುಗಳು 12 ಗಂಟೆಗೊಂದ್ಸಲ 20ರ ಹಾಗೆ ಮೂರು ಸಲ ಮಾರ್ಕರ್ ಕೊಟ್ಟು 36 ಮತ್ತು 60ನೇ ಗಂಟೆಗೆ ಎಕ್ಸ್‌ರೇ ತೆಗೆಯೋ ಪದ್ಧತಿ ಮಾಡಿದಾರೆ. ಯಾವ ಪದ್ಧತೀಲಿ ಮಾಡಿದ್ರಿ ಅಂತ ಕೇಳೋದ್ರಲ್ಲಿ ತಪ್ಪಿಲ್ಲ.

ಬಾಗಿಲು ಸರಿಯಾಗಿ ತೆರೆಯುತ್ತಾ ಅಂತ ನೋಡೋಕೆ ಮ್ಯಾನೋಮೆಟ್ರಿ (ಅಲ್ಲಿನ ಮಸಲ್ಲಿನ ಒತ್ತಡ ಅಳೆಯೋದು) ಮತ್ತು ಬಲೂನ್ ಟೆಸ್ಟು. ಗುದದ್ವಾರದೊಳಗೆ ಚಿಕ್ಕ ಬಲೂನ್ ಇಟ್ಟು 50 ಎಂಎಲ್ ನೀರು ತುಂಬಿಸ್ತಾರೆ, ಒಂದೆರಡು ನಿಮಿಷದೊಳಗೆ ಕೂತು ಹೊರಗೆ ಹಾಕ್ಬೇಕು, ಅಷ್ಟೇ ಟೆಸ್ಟು. ಮುಜುಗರ ಆಗುತ್ತೆ, ನೋವೇನಿಲ್ಲ. ಡೆಫಿಕೋಗ್ರಫಿ ಅಂತ ಇನ್ನೊಂದಿದೆ, ಒಳಗೆ ಪೇಸ್ಟ್ ಅಥವಾ ಜೆಲ್ ತುಂಬಿಸಿ ಅದನ್ನ ಹೊರಗೆ ಹಾಕೋವಾಗ ಎಕ್ಸ್‌ರೇಲೋ ಎಂಆರ್‌ಐಲೋ ಚಿತ್ರ ತೆಗೀತಾರೆ, ಗೋಡೆ ಎಲ್ಲಿ ಜೋತುಬಿದ್ದಿದೆ, ಕರುಳು ಒಳಗೊಳಗೇ ಮಡಚ್ಕೊಳ್ತಾ ಇದ್ಯಾ ಅಂತ ಕಾಣುತ್ತೆ. ಅಕ್ಕ ಇದಕ್ಕೆ ಹೋಗಿ ಬಂದು ಒಂದು ದಿನ ಯಾರ ಹತ್ರಾನೂ ಮಾತಾಡ್ಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ನಾವು ಸಿಕ್ಕೊಂಡಿದ್ದೇ ಇಲ್ಲಿ. ಬಾಗಿಲು ಕಟ್ಟಿದ್ರೆ ಹಿಂದಿನ ಕರುಳೂ ನಿಧಾನ ಆಗ್ಬಹುದು, ಆಗ ಮಾರ್ಕರ್ ಟೆಸ್ಟ್ ಒಂದನ್ನೇ ನೋಡಿದ್ರೆ ಇದು ನಿಧಾನ ಕರುಳು ಅಂತಾನೇ ರಿಪೋರ್ಟ್ ಬರುತ್ತೆ. ಅಕ್ಕಂದೂ ಹಾಗೇ ಬಂದಿತ್ತು, ಅದನ್ನೇ ನೋಡಿ ಕರುಳು ತೆಗೀತೀವಿ ಅಂದಿದ್ರು. ಬಲೂನ್ ಟೆಸ್ಟಲ್ಲಿ ಅವಳಿಗೆ ಬಲೂನು ಹೊರಗೇ ಬರ್ಲಿಲ್ಲ. ಮುಕ್ಕೋವಾಗ ಸಡಿಲ ಆಗ್ಬೇಕಾದ ಮಸಲ್ಲು ಇನ್ನೂ ಬಿಗಿ ಹಿಡಿತಿತ್ತು. ಇದಕ್ಕೆ ಆಪರೇಷನ್ ಅಲ್ಲ ಮದ್ದು, ಬಯೋಫೀಡ್‌ಬ್ಯಾಕು. ಸ್ಕ್ರೀನ್ ಮೇಲೆ ಗೆರೆ ನೋಡ್ತಾ ಯಾವ ಮಸಲ್ ಬಿಡ್ಬೇಕು, ಹೊಟ್ಟೆಯಿಂದ ಹೇಗೆ ಒತ್ತಬೇಕು ಅಂತ ಮತ್ತೆ ಕಲಿಯೋದು. ಈ ಥರದವರಲ್ಲಿ ಹತ್ತಕ್ಕೆ ಸುಮಾರು ಏಳು ಜನಕ್ಕೆ ಗುಣ ಕಾಣುತ್ತೆ ಅಂತ ಅಧ್ಯಯನಗಳಲ್ಲಿದೆ. ಅಕ್ಕ ಆರು ಸೆಷನ್ ಹೋದ್ಲು, ಪೂರ್ತಿ ಸರಿ ಅಂತ ಹೇಳಲ್ಲ, ಆದ್ರೆ ಭಾವ ಬಾಗಿಲು ಬಡಿಯೋದು ನಿಂತಿದೆ. ಅವತ್ತು ಕರುಳು ತೆಗೆಸಿದ್ದಿದ್ರೆ ಕಟ್ಟಿದ ಬಾಗಿಲ ಹಿಂದೆ ಭೇದಿ ಬಂದು ನಿಂತಿರೋದು, ನೆನೆಸ್ಕೊಂಡ್ರೆ ಈಗ್ಲೂ ಮೈ ನಡುಗುತ್ತೆ.

ದೊಡ್ಡ ಕರುಳು ತೆಗೆದು ಸಣ್ಣ ಕರುಳನ್ನ ಕೆಳಗೆ ಜೋಡಿಸೋದು

ಬಾಗಿಲು ಸರಿ ಇದೆ, ಕರುಳು ಮಾತ್ರ ನಿಜವಾಗ್ಲೂ ತಳ್ಳಲ್ಲ, ಹತ್ತು ಹನ್ನೆರಡು ದಿನಕ್ಕೊಂದ್ಸಲ ಅದೂ ಎನಿಮಾ ಕೊಟ್ರೆ ಮಾತ್ರ, ಔಷಧಿ ಯಾವುದೂ ತಾಗಲ್ಲ, ಇಂಥವರಿಗೆ ಇರೋ ಆಪರೇಷನ್ನುಗಳಲ್ಲಿ ಹಳೇದೂ ಗಟ್ಟಿಯಾದದ್ದೂ ಇದು. ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನ ತೆಗೆದು ಸಣ್ಣ ಕರುಳಿನ ತುದೀನ ಮಲಾಶಯಕ್ಕೆ ಹೊಲಿಯೋದು. ಈಗ ಸುಮಾರು ಕಡೆ ಸಣ್ಣ ತೂತಿಂದ ಕ್ಯಾಮೆರಾ ಹಾಕಿ, ಲ್ಯಾಪ್ರೋಸ್ಕೋಪಿಕ್ಕಲ್ಲೇ ಮಾಡ್ತಾರೆ.

ಒಳ್ಳೇದು ಏನಪ್ಪಾ ಅಂದ್ರೆ, ಸರಿಯಾಗಿ ಆರಿಸಿ ಮಾಡಿದ್ರೆ ಸಾಮಾನ್ಯವಾಗಿ ಮೋಷನ್ ಆಗುತ್ತೆ, ಮಾಡಿಸ್ಕೊಂಡವರಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಜನ ತೃಪ್ತಿ ಇದೆ ಅಂತ ಹೇಳಿರೋ ವರದಿಗಳಿವೆ. ಅಕ್ಕ ಅಡ್ಮಿಟ್ ಆಗಿದ್ದಾಗ ಪಕ್ಕದ ಬೆಡ್ಡಲ್ಲಿ ಒಬ್ಬಳು ಹುಡುಗಿ ಇದ್ಲು, ಚಿಕ್ಕ ವಯಸ್ಸಿಂದ ಎರಡು ವಾರಕ್ಕೊಂದ್ಸಲ ಹೋಗ್ತಿದ್ದೋಳು, ಎಲ್ಲಾ ಟೆಸ್ಟೂ ಮಾಡಿ ಇದನ್ನೇ ಮಾಡಿದ್ರು. ವರ್ಷ ಆದ್ಮೇಲೆ ಫೋನ್ ಮಾಡಿ "ಅಕ್ಕಾ, ದಿನಾ ಮೂರು ಸಲ ಹೋಗ್ತೀನಿ, ಇಷ್ಟು ಖುಷಿ ಇರುತ್ತೆ ಅಂತ ಗೊತ್ತೇ ಇರ್ಲಿಲ್ಲ" ಅಂದ್ಲು.

ಆದ್ರೆ ಬೆಲೆ ಇದೆ. ಮೊದಲ ಕೆಲವು ತಿಂಗಳು ದಿನಕ್ಕೆ ಏಳೆಂಟು ಸಲ ಓಡೋದು ಸಾಮಾನ್ಯ, ನಿಧಾನಕ್ಕೆ ಎರಡರಿಂದ ನಾಲ್ಕು ಸಲಕ್ಕೆ ಇಳಿಯುತ್ತೆ, ಕೆಲವರಿಗೆ ಇಳಿಯಲ್ಲ, ಭೇದಿ ತಡೆಯೋ ಲೋಪರಮೈಡ್ ಮಾತ್ರೆ ತಗೋತಾನೇ ಇರ್ಬೇಕು. ಆಪರೇಷನ್ ಸುತ್ತಮುತ್ತ ಏನಾದ್ರೂ ಒಂದು ತೊಡಕು ಆಗೋದು ಹತ್ರ ಹತ್ರ ನಾಲ್ಕರಲ್ಲಿ ಒಬ್ಬರಿಗೆ. ಜೋಡಿಸಿದ ಜಾಗ ಸೋರೋದು ಅಪರೂಪ, ಆದ್ರೆ ಸೋರಿದ್ರೆ ಗಂಭೀರ. ಆಮೇಲೆ ಒಳಗೆ ಅಂಟಿಕೊಂಡು ಸಣ್ಣ ಕರುಳು ಅಡ್ಡಿಯಾಗಿ ಮತ್ತೆ ಆಸ್ಪತ್ರೆಗೆ ಸೇರೋದು ನೂರಕ್ಕೆ 10-20 ಜನಕ್ಕೆ, ಇದು ಹತ್ತು ವರ್ಷ ಆದ್ಮೇಲೂ ಬರ್ಬಹುದು. ಎಲ್ಲಕ್ಕಿಂತ ಮುಖ್ಯ, ಈ ಆಪರೇಷನ್ ಮೋಷನ್ ಮಾಡಿಸುತ್ತೆ, ಆದ್ರೆ ಹೊಟ್ಟೆ ನೋವು ಹೊಟ್ಟೆ ಉಬ್ಬರ ಹೋಗಿಸುತ್ತೆ ಅಂತ ಗ್ಯಾರಂಟಿ ಇಲ್ಲ. ನಿಮ್ಮ ಮುಖ್ಯ ದೂರು ನೋವು ಮತ್ತೆ ಉಬ್ಬರಾನೇ ಆಗಿದ್ರೆ ಇದನ್ನ ಮಾಡಿಸ್ಕೊಂಡು ನಿರಾಶೆ ಆಗೋರೇ ಜಾಸ್ತಿ. ಹೊಟ್ಟೆ, ಸಣ್ಣ ಕರುಳು ಎರಡೂ ನಿಧಾನ ಇರೋರಿಗೂ ಫಲ ಕಮ್ಮಿ, ಅದಕ್ಕೆ ಮೇಲಿನ ಭಾಗದ್ದೂ ಟೆಸ್ಟ್ ಮಾಡಿಸ್ಬೇಕು. ವಾಪಸ್ ಬರೋ ದಾರಿ ಇಲ್ಲ, ತೆಗೆದ ಕರುಳು ತೆಗೆದದ್ದೇ.

ಇದರ ಇತಿಹಾಸ ಓದಿದಾಗ ನಂಗೆ ನಗು ಬಂತು. 1908ರ ಹೊತ್ತಿಗೇ ಲಂಡನ್ನಿನ ಗೈಸ್ ಆಸ್ಪತ್ರೆಯ ಅರ್ಬತ್‌ನಾಟ್ ಲೇನ್ ಅನ್ನೋ ದೊಡ್ಡ ಸರ್ಜನ್ನು ಮಲಬದ್ಧತೆಗೆ ಕರುಳು ತೆಗೆದು ಅದರ ಬಗ್ಗೆ ಬರೆದಿದ್ರು. ಕರುಳಲ್ಲಿ ನಿಂತ ಮಲದಿಂದ ವಿಷ ಏರಿ ಮೈಯೆಲ್ಲಾ ಕಾಯಿಲೆ ಬರುತ್ತೆ ಅನ್ನೋದು ಅವರ ನಂಬಿಕೆ. ಜೊತೆ ಡಾಕ್ಟ್ರುಗಳೇ ತಿರುಗಿಬಿದ್ರು. ಕೊನೆಗೆ 1925ರಲ್ಲಿ ಅವರೇ ಒಂದು ಆರೋಗ್ಯ ಸಂಘ ಕಟ್ಟಿ ತವುಡು ಸಮೇತ ಇರೋ ಗೋಧಿ ಬ್ರೆಡ್ಡು, ಹಣ್ಣು ತರಕಾರಿ ತಿನ್ನಿ ಅಂತ ಪ್ರಚಾರಕ್ಕಿಳಿದ್ರು. ಈಗಲೂ ಫೋನಲ್ಲಿ "ಕರುಳಿನ ವಿಷ ತೆಗೀರಿ" ಅಂತ ಡಿಟಾಕ್ಸ್ ಪುಡಿ ಜಾಹೀರಾತು ಬರ್ತಾವಲ್ಲ, ನೂರು ವರ್ಷದ ಹಿಂದಿನ ಅದೇ ಕಥೆ.

ಕರುಳಿನ ಒಂದು ಭಾಗ ಮಾತ್ರ ತೆಗೆಯೋದೂ ಇದೆ. ಭೇದಿ ಕಮ್ಮಿ ಅನ್ನೋ ಆಸೆಗೆ ಮಾಡ್ತಾರೆ, ಆದ್ರೆ ಉಳಿದ ಭಾಗವೂ ಸೋಮಾರಿ ಆಗಿದ್ರೆ ಮಲಬದ್ಧತೆ ವಾಪಸ್ ಬರುತ್ತೆ. ಕರುಳಿನ ಒಂದೇ ತುಂಡು ಊದ್ಕೊಂಡಿದೆ, ಮಿಕ್ಕಿದ್ದೆಲ್ಲಾ ಸರಿ ಇದೆ ಅಂತ ಗಟ್ಟಿ ಪುರಾವೆ ಇದ್ರೆ ಮಾತ್ರ ಯೋಚ್ನೆ ಮಾಡ್ಬಹುದು.

ಚೀಲ

ಚೀಲ ಅಂದ ತಕ್ಷಣ ಮನೇಲಿ ಅಳು ಶುರುವಾಗುತ್ತೆ. ಆದ್ರೆ ನಾನು ನೋಡಿರೋ ಹಾಗೆ ಇದೊಂದು ಬುದ್ಧಿವಂತಿಕೆಯ ದಾರೀನೂ ಆಗ್ಬಹುದು, ಯಾಕಂದ್ರೆ ಸಣ್ಣ ಕರುಳಿನ ಒಂದು ಕುಣಿಕೇನ ಹೊಟ್ಟೆ ಮೇಲೆ ತಂದು ಮಲ ತುಂಬೋ ಚೀಲ ಹಾಕೋ ಲೂಪ್ ಇಲಿಯೋಸ್ಟಮಿಯನ್ನ ಆಮೇಲೆ ಮುಚ್ಬಹುದು. ಕರುಳು ತೆಗೆಯೋಕೆ ಮುಂಚೆ ಟ್ರಯಲ್ ಥರ ಕೆಲವು ತಿಂಗಳು ಇಟ್ಟು ನೋಡ್ಬಹುದು. ಚೀಲ ಇದ್ದಾಗ್ಲೂ ಹೊಟ್ಟೆ ನೋವು, ಉಬ್ಬರ ಹೋಗ್ಲಿಲ್ಲ ಅಂದ್ರೆ ದೊಡ್ಡ ಕರುಳು ತೆಗೆದ್ರೂ ಹೋಗಲ್ಲ ಅಂತ ಅಂದಾಜು ಸಿಗುತ್ತೆ. ಒಂದು ಆಪರೇಷನ್ ಜಾಸ್ತಿ ಆಗುತ್ತೆ ನಿಜ, ಆದ್ರೆ ತಪ್ಪು ನಿರ್ಧಾರದಿಂದ ಉಳಿಸ್ಬಹುದು.

ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚೀಲಿ ಇರೋರು, ದಿನಾ ಎರಡು ಗಂಟೆ ಇನ್ನೊಬ್ಬರ ಕೈಲಿ ಮಲ ತೆಗೆಸ್ಕೊಳ್ತಿರೋರು, ಇಂಥವರಿಗೆ ಶಾಶ್ವತ ಚೀಲ ಸ್ವಾತಂತ್ರ್ಯಾನೇ ಕೊಡುತ್ತೆ. ಇವರಿಗೆ ಸಾಮಾನ್ಯವಾಗಿ ದೊಡ್ಡ ಕರುಳಿಂದಾನೇ ತಂದಿರ್ತಾರೆ, ಮಲ ಗಟ್ಟಿ ಇರುತ್ತೆ, ಸಂಭಾಳಿಸೋಕೆ ಸುಲಭ. ಸಣ್ಣ ಕರುಳಿನ ಚೀಲದಲ್ಲಿ ನೀರು ನೀರಾಗಿ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಹತ್ರ ಬರುತ್ತೆ, ನಿರ್ಜಲೀಕರಣ ಆಗ್ಬಹುದು, ಓಆರ್‌ಎಸ್ ಕೈಲೇ ಇರ್ಬೇಕು, ಸುತ್ತ ಚರ್ಮ ಉರಿಯುತ್ತೆ. ರಾಯಚೂರು ಕಲಬುರಗಿ ಬಿಸಿಲಲ್ಲಿ ಬೆವರಿಗೆ ಅಂಟು ಬಿಡುತ್ತೆ ಅನ್ನೋದು ಚೀಲ ಇರೋರೆಲ್ಲಾ ಹೇಳೋ ಮಾತು. ಕೊಬ್ಬರಿ ಚೂರು, ಜೋಳದ ಕಾಳು, ಅಣಬೆ ಥರದ್ದನ್ನ ಸರಿಯಾಗಿ ಅಗೀದೆ ನುಂಗಿದ್ರೆ ಬಾಯಲ್ಲೇ ಸಿಕ್ಕೊಳುತ್ತೆ, ಚೀಲ ಹಾಕಿರೋ ಕರುಳಿನ ಬಾಯಿ ಅಂತ ನಾನು ಹೇಳ್ತಿರೋದು. ಆಪರೇಷನ್ ಖರ್ಚು ಕಮ್ಮಿ, ಆದ್ರೆ ಚೀಲದ ಖರ್ಚು ಚೀಲ ಇರೋವರೆಗೂ ಪ್ರತಿ ತಿಂಗಳೂ.

ಹೊಟ್ಟೆಯಿಂದ ನೀರು ಬಿಟ್ಟು ತೊಳೆಯೋದು

ಮಲೋನ್ ಅನ್ನೋ ಬ್ರಿಟನ್ನಿನ ಸರ್ಜನ್ನು 1990ರಲ್ಲಿ ತೋರಿಸಿದ ದಾರಿ. ಅಪೆಂಡಿಕ್ಸನ್ನ ಹೊಟ್ಟೆ ಚರ್ಮಕ್ಕೆ, ಹೆಚ್ಚಾಗಿ ಹೊಕ್ಕಳ ಹತ್ರ, ತಂದು ಸಣ್ಣ ತೂತು ಮಾಡ್ತಾರೆ. ದಿನಾ ಇಲ್ಲಾ ದಿನ ಬಿಟ್ಟು ದಿನ ಅದರೊಳಗೆ ಟ್ಯೂಬ್ ಹಾಕಿ ನೀರು ಬಿಟ್ರೆ ಕರುಳು ಮೇಲಿಂದ ಕೆಳಗೆ ತೊಳ್ಕೊಂಡು ಬರುತ್ತೆ. ಬೆನ್ನುಹುರಿ ಸರಿಯಾಗಿ ಮುಚ್ಚದೆ ಹುಟ್ಟಿದ ಮಕ್ಕಳಿಗೆ ಇದು ವರದಾನ, ಸ್ಕೂಲಲ್ಲಿ ಚಡ್ಡಿ ಕೊಳೆ ಆಗೋದು ನಿಲ್ಲುತ್ತೆ. ದೊಡ್ಡವರಲ್ಲಿ ಬರೀ ಮಲಬದ್ಧತೆಗೆ ಮಾಡಿದಾಗ ಅಷ್ಟು ಚೆನ್ನಾಗಿ ನಿಲ್ಲಲ್ಲ, ಕಾಲ ಕಳೆದಂಗೆ ಸುಮಾರು ಜನ ಬಿಟ್ಬಿಡ್ತಾರೆ, ತೂತು ಕಿರಿದಾಗೋದು ದೊಡ್ಡ ಕಾಟ. ಪ್ರತಿ ಸಲ ಅರ್ಧ ಗಂಟೆಯಿಂದ ಒಂದು ಗಂಟೆ ಕೂರ್ಬೇಕು, ಶುದ್ಧ ನೀರು ಬೇಕು, ಕೂರೋ ಕಮೋಡ್ ಬೇಕು. ಮನೇಲಿ ಒಂದೇ ಟಾಯ್ಲೆಟ್ಟು ಆರು ಜನ ಇದ್ರೆ ಲೆಕ್ಕ ಹಾಕ್ಕೊಳಿ.

ಇದನ್ನ ಮಾಡಿಸೋ ಮುಂಚೆ ಕೆಳಗಿನಿಂದಾನೇ ನೀರು ಬಿಟ್ಟು ತೊಳೆಯೋ ಕಿಟ್ ಸಿಗುತ್ತೆ, ಆಪರೇಷನ್ ಇಲ್ಲ. ಅದನ್ನ ಮೂರು ತಿಂಗಳು ನೋಡದೆ ತೂತು ಮಾಡಿಸ್ಕೋಬೇಡಿ ಅಂತ ನನ್ನ ಅಭಿಪ್ರಾಯ.

ಸೊಂಟದ ನರಕ್ಕೆ ಕರೆಂಟ್ ಕೊಡೋ ಯಂತ್ರ

ಪೇಸ್‌ಮೇಕರ್ ಥರದ್ದು, ಪೃಷ್ಠದ ಚರ್ಮದ ಕೆಳಗೆ ಇಡ್ತಾರೆ. ಮೊದಲು ಎರಡು ಮೂರು ವಾರ ತಾತ್ಕಾಲಿಕ ವೈರ್ ಇಟ್ಟು ನೋಡ್ಬಹುದು, ಬೇಡ ಅಂದ್ರೆ ತೆಗೀಬಹುದು, ಕರುಳು ಮುಟ್ಟಲ್ಲ. ಕೇಳೋಕೆ ಎಷ್ಟು ಚೆಂದ ಅಲ್ವಾ. ಮಲ ತಡ್ಕೊಳ್ಳೋಕಾಗದೆ ಇರೋರಿಗೆ ಇದು ನಿಜವಾಗ್ಲೂ ಒಳ್ಳೇದು, ಅಮೆರಿಕದಲ್ಲಿ 2011ರಲ್ಲಿ ಅದಕ್ಕೇ ಒಪ್ಪಿಗೆ ಸಿಕ್ಕಿದ್ದು. ಮಲಬದ್ಧತೆಗೆ ಮಾತ್ರ, ಯಂತ್ರ ಆನ್ ಮಾಡಿ ಆಫ್ ಮಾಡಿ ಹೋಲಿಸಿ ನೋಡಿದ ಪ್ರಯೋಗಗಳಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಕಾಣ್ಲಿಲ್ಲ. ಲಕ್ಷಗಟ್ಟಲೆ ದುಡ್ಡು, ಬ್ಯಾಟರಿ ಕೆಲವು ವರ್ಷಕ್ಕೆ ಬದಲಾಯಿಸ್ಬೇಕು. ಬರೀ ಮಲಬದ್ಧತೆಗೆ ಯಾರಾದ್ರೂ ಇದನ್ನೇ ಮೊದಲು ಹೇಳಿದ್ರೆ ನಾನಾದ್ರೆ ಥ್ಯಾಂಕ್ಸ್ ಹೇಳಿ ಎದ್ದು ಬರ್ತೀನಿ.

ಬಾಗಿಲ ಹತ್ರದ ರಿಪೇರಿಗಳು

ಹೆರಿಗೆಗಳಾದ ಹೆಂಗಸರಲ್ಲಿ ಮಲಾಶಯದ ಮುಂದಿನ ಗೋಡೆ ಯೋನಿ ಕಡೆಗೆ ಜೋತುಬೀಳುತ್ತೆ, ರೆಕ್ಟೋಸೀಲ್ ಅಂತಾರೆ. ಮುಕ್ಕಿದಷ್ಟೂ ಮಲ ಆ ಜೋಳಿಗೆಗೆ ಹೋಗುತ್ತೆ ವಿನಾ ಹೊರಗೆ ಬರಲ್ಲ. ಯೋನಿಯೊಳಗೆ ಬೆರಳಿಟ್ಟು ಹಿಂದಕ್ಕೆ ಒತ್ತಿದ್ರೆ ಬರುತ್ತೆ ಅಂತ ಎಷ್ಟೋ ಹೆಂಗಸರು ತಾವೇ ಕಂಡ್ಕೊಂಡಿರ್ತಾರೆ, ಯಾರ ಹತ್ರಾನೂ ಹೇಳಲ್ಲ. ದಯವಿಟ್ಟು ಡಾಕ್ಟ್ರಿಗೆ ಹೇಳಿ, ರಿಪೇರಿ ಮಾಡಿದ್ರೆ ಗುಣ ಆಗೋ ಸಾಧ್ಯತೆ ಜಾಸ್ತಿ ಅನ್ನೋದಕ್ಕೆ ಆ ಒಂದು ಮಾತೇ ಸುಳಿವು. ಸ್ಕ್ಯಾನಲ್ಲಿ ಕಂಡಿತು ಅಂದ ಮಾತ್ರಕ್ಕೆ ಮಾತ್ರ ಮಾಡಿಸ್ಬೇಡಿ, ತೊಂದರೇನೇ ಇಲ್ದೆ ಇರೋ ಹೆಂಗಸರಲ್ಲೂ ಸಣ್ಣ ರೆಕ್ಟೋಸೀಲ್ ಕಾಣುತ್ತೆ. ಅಕ್ಕಂಗೂ ಚಿಕ್ಕದೊಂದು ಇತ್ತು, ಮುಟ್ಲಿಲ್ಲ.

ರಿಪೇರೀನ ಯೋನಿ ಕಡೆಯಿಂದ ಮಾಡ್ಬಹುದು, ಜಾಲರಿ ಬೇಡ, ಖರ್ಚು ಕಮ್ಮಿ, ಬೇಗ ಮನೆಗೆ ಬರ್ಬಹುದು, ಕೆಲವರಿಗೆ ಆಮೇಲೆ ಸಂಭೋಗದಲ್ಲಿ ನೋವು ಉಳಿಯುತ್ತೆ. ಕರುಳು ಒಳಗೇ ಮಡಚ್ಕೊಂಡು ಜಾರ್ತಿದ್ರೆ, ಇಲ್ಲಾ ಪೂರ್ತಿ ಹೊರಗೇ ಬರ್ತಿದ್ರೆ ಲ್ಯಾಪ್ರೋಸ್ಕೋಪಿಕ್ ವೆಂಟ್ರಲ್ ಮೆಶ್ ರೆಕ್ಟೋಪೆಕ್ಸಿ ಅನ್ನೋ ಆಪರೇಷನ್ ಇದೆ. ಬೆಲ್ಜಿಯಮ್ಮಿನ ಲೂವೆನ್ನಲ್ಲಿ ಡಿಹೋರ್ ಅನ್ನೋ ಸರ್ಜನ್ನು ಬೆಳೆಸಿ 2004ರಲ್ಲಿ ಪ್ರಕಟಿಸಿದ್ದು. ಮಲಾಶಯದ ಮುಂದಿನ ಕಡೆ ಮಾತ್ರ ಬಿಡಿಸಿ ಜಾಲರಿಯಿಂದ ಮೇಲಕ್ಕೆ ಎತ್ತಿ ಕಟ್ತಾರೆ. ಹಳೇ ಪದ್ಧತೀಲಿ ಹಿಂದಿನ ಕಡೆಯೂ ಬಿಡಿಸ್ತಿದ್ರು, ನರಕ್ಕೆ ಪೆಟ್ಟಾಗಿ ಆಪರೇಷನ್ನಿಂದಾನೇ ಮಲಬದ್ಧತೆ ಬರ್ತಿತ್ತು, ಇದರಲ್ಲಿ ಆ ಕಾಟ ಕಮ್ಮಿ. ಜಾಲರಿ ವರ್ಷಗಳ ನಂತರ ಗೋಡೆ ತಿಂದು ಹೊರಗೆ ಬರೋದು ಅಪರೂಪಕ್ಕೆ ಆಗುತ್ತೆ, ಆದಾಗ ತೆಗೆಯೋದು ಕಷ್ಟದ ಕೆಲಸ. ಇದು ಕೈಪಳಗಿದವರ ಕೆಲಸ, ವರ್ಷಕ್ಕೆ ಎಷ್ಟು ಮಾಡ್ತೀರಿ ಅಂತ ಕೇಳಿ. ಹೊಟ್ಟೆ ಆಪರೇಷನ್ ತಡ್ಕೊಳ್ಳೋ ಶಕ್ತಿ ಇಲ್ಲದ ವಯಸ್ಸಾದವರಿಗೆ, ಕರುಳು ಹೊರಗೆ ಬರ್ತಿದ್ರೆ, ಕೆಳಗಿನಿಂದಾನೇ ಮಾಡೋ ಡೆಲೋರ್ಮ್ ಅಥವಾ ಆಲ್ಟಮೈಯರ್ ಅನ್ನೋ ಆಪರೇಷನ್ ಇದೆ. ಸೊಂಟಕ್ಕೆ ಅನಸ್ತೇಶಿಯಾ ಕೊಟ್ರೂ ಸಾಕು, ಆದ್ರೆ ಮತ್ತೆ ಜಾರೋ ಸಾಧ್ಯತೆ ಜಾಸ್ತಿ. 75ರ ಅಜ್ಜಿಗೆ ಇದೇ ಸರಿಯಾದ ಲೆಕ್ಕ.

ಸ್ಟಾರ್ ಅಂತ ಸ್ಟೇಪ್ಲರ್ ಹಾಕಿ ಒಳಗಿನ ಸಡಿಲ ಗೋಡೆ ಕತ್ತರಿಸೋ ಆಪರೇಷನ್ನೂ ಇದೆ, ಇಟಲಿಯ ಲೊಂಗೊ ತಂದಿದ್ದು. ಒಂದು ಕಾಲದಲ್ಲಿ ಭಾರಿ ಓಡ್ತು, ಆಮೇಲೆ ನೋವು, ರಕ್ತ, ತಡ್ಕೊಳ್ಳೋಕಾಗದ ಅವಸರ, ಅಪರೂಪಕ್ಕೆ ಯೋನಿಗೂ ಮಲಾಶಯಕ್ಕೂ ತೂತು ಬೀಳೋದು, ಇದೆಲ್ಲಾ ನೋಡಿ ಸುಮಾರು ಕಡೆ ಕಮ್ಮಿ ಮಾಡಿದಾರೆ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ, ಆಟೋ ಹಿಂದೆ ಮೂಲವ್ಯಾಧಿ ಲೇಸರ್ ಬೋರ್ಡ್ ನೋಡಿ ಹೋಗೋರಿಗೆ ಒಂದು ಮಾತು: ಮೂಲವ್ಯಾಧಿ ಲೇಸರ್ ಮಾಡಿಸಿದ್ರೆ ಮಲಬದ್ಧತೆ ಹೋಗಲ್ಲ, ಮಲಬದ್ಧತೆ ಹೋಗ್ಲಿಲ್ಲ ಅಂದ್ರೆ ಮೂಲವ್ಯಾಧಿ ಮತ್ತೆ ಬರ್ಬಹುದು.

ಮಕ್ಕಳದ್ದು ಬೇರೆ. ಹುಟ್ಟಿದ ಮಗು 48 ಗಂಟೆಯಾದ್ರೂ ಮೊದಲ ಕಪ್ಪು ಮಲ ಹಾಕ್ಲಿಲ್ಲ, ಆಮೇಲೂ ಹೊಟ್ಟೆ ಊದ್ಕೊಂಡೇ ಇರುತ್ತೆ ಅಂದ್ರೆ ಹರ್ಷ್‌ಸ್ಪ್ರುಂಗ್ ಕಾಯಿಲೆ ಇರ್ಬಹುದು, ಕರುಳಿನ ಕೊನೆ ಭಾಗದಲ್ಲಿ ನರಕೋಶಗಳೇ ಇರಲ್ಲ. ಬಯಾಪ್ಸಿ ಮಾಡಿ ಖಾತ್ರಿ ಆದ್ರೆ ಆ ಭಾಗ ತೆಗೆದು ಮೇಲಿನ ಕರುಳು ಎಳೆದು ಜೋಡಿಸೋದೊಂದೇ ದಾರಿ, ಇಲ್ಲಿ ಹೋಲಿಕೆ ಮಾಡ್ತಾ ಕೂರೋ ಹಾಗಿಲ್ಲ, ಮಕ್ಕಳ ಸರ್ಜನ್ ಹತ್ರ ಹೋಗಿ.

ಯಾರು ಯಾವ ಕಡೆ ವಾಲ್ಬಹುದು

ಮದುವೆ ಆಗ್ಬೇಕಾಗಿರೋ, ಮಕ್ಕಳು ಬೇಕಾಗಿರೋ ಹುಡುಗಿಗೆ ಕರುಳು ನಿಜವಾಗ್ಲೂ ನಿಧಾನ ಇದ್ರೆ, ಕರುಳು ತೆಗೆಸೋದಕ್ಕೆ ಮುಂಚೆ ಒಳಗೆ ಅಂಟಿಕೊಳ್ಳೋದ್ರಿಂದ ಗರ್ಭ ನಿಲ್ಲೋಕೆ ಅಡ್ಡಿ ಆಗ್ಬಹುದಾ ಅಂತ ಸರ್ಜನ್ ಮತ್ತೆ ಹೆರಿಗೆ ಡಾಕ್ಟ್ರು ಇಬ್ಬರ ಹತ್ರಾನೂ ಮಾತಾಡ್ಬೇಕು. ಸಾಧ್ಯ ಆದ್ರೆ ಔಷಧಿ, ನೀರು ಬಿಡೋ ಕಿಟ್ಟಲ್ಲಿ ಮಕ್ಕಳಾಗೋವರೆಗೂ ದೂಡೋದು ಮೇಲು. ದಿನಾ ಬಸ್ಸಲ್ಲಿ ಎರಡು ಗಂಟೆ ಓಡಾಡೋರು, ಕಂಡಕ್ಟರ್ ಕೆಲಸ, ಗದ್ದೆ ಕೆಲಸ, ಟಾಯ್ಲೆಟ್ ಹತ್ರ ಇಲ್ಲದ ಜಾಗದಲ್ಲಿ ದುಡಿಯೋರು ಕರುಳು ತೆಗೆಸಿದ್ರೆ ಮೊದಲ ವರ್ಷ ಹೇಗೆ ಅಂತ ಮೊದಲೇ ಯೋಚ್ನೆ ಮಾಡಿ, ಆರು ತಿಂಗಳು ಹಗುರ ಕೆಲಸ ಸಿಗುತ್ತಾ ಅಂತ ಕೇಳಿಟ್ಕೊಳಿ. ಈಗಲೇ ಮಲ ಸ್ವಲ್ಪ ಸೋರುತ್ತೆ ಅನ್ನೋರು ಕರುಳು ತೆಗೆಸೋದು ಅಪಾಯ, ಗಟ್ಟಿ ಮಲಾನೇ ತಡೆಯೋಕಾಗದಿದ್ರೆ ನೀರು ಮಲ ತಡೆಯೋದು ಹೇಗೆ, ಇವರಿಗೆ ಚೀಲಾನೇ ಮರ್ಯಾದೆ ಉಳಿಸುತ್ತೆ. ಊಟಾನೇ ಬಿಟ್ಬಿಡೋ ಮಾನಸಿಕ ಕಾಯಿಲೆ, ತೀವ್ರ ಖಿನ್ನತೆ ಇರೋರು ಮೊದಲು ಅದಕ್ಕೆ ಚಿಕಿತ್ಸೆ ತಗೊಳ್ಳಿ. "ಎಲ್ಲಾ ನಿನ್ನ ಮನಸ್ಸಲ್ಲೇ ಇರೋದು" ಅಂತ ನಾನು ಹೇಳ್ತಿಲ್ಲ, ಆಪರೇಷನ್ನಿನ ಫಲ ಅಂಥ ಹೊತ್ತಲ್ಲಿ ಕಮ್ಮಿ ಅಂತ ಅಷ್ಟೇ.

ದುಡ್ಡಿನ ವಿಷಯ. ಬಯೋಫೀಡ್‌ಬ್ಯಾಕು ಎಲ್ಲಕ್ಕಿಂತ ಅಗ್ಗ, ಆದ್ರೆ ಸಿಗೋದು ದೊಡ್ಡ ಊರುಗಳಲ್ಲಿ ಮಾತ್ರ, ವಾರವಾರ ಹೋಗಿ ಬರೋ ಬಸ್ ಚಾರ್ಜು, ರಜಾ ಲೆಕ್ಕ ಹಾಕ್ಬೇಕು. ಲ್ಯಾಪ್ರೋಸ್ಕೋಪಿಕ್ಕಲ್ಲಿ ಕರುಳು ತೆಗೆಯೋದಾದ್ರೆ ಬಿಲ್ಲಲ್ಲಿ ಕರುಳು ಜೋಡಿಸೋ ಸ್ಟೇಪ್ಲರ್‌ದೇ ದೊಡ್ಡ ಪಾಲು, ಎಸ್ಟಿಮೇಟ್ ಕೇಳೋವಾಗ ಅದು ಸೇರಿದ್ಯಾ ಅಂತ ಕೇಳಿ. ನಮ್ಮಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೂ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತೀಲಿ. ಆದ್ರೆ ಎಮರ್ಜೆನ್ಸಿ ಅಲ್ಲದಿದ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗಲ್ಲ ಅಂದ್ರೆ ರೆಫರಲ್ ತಗೊಂಡೇ ಪ್ರೈವೇಟಿಗೆ ಹೋಗ್ಬೇಕು, ಇದು ಗೊತ್ತಿಲ್ದೆ ನೇರ ಅಡ್ಮಿಟ್ ಆಗಿ ಕೈಯಿಂದ ಕಟ್ಟಿದವರು ಬೇಕಾದಷ್ಟಿದಾರೆ. ನಿಮ್ಮ ಆಪರೇಷನ್ ಯಾವ ಪ್ಯಾಕೇಜಲ್ಲಿ ಬರುತ್ತೆ ಅಂತ ಆಸ್ಪತ್ರೇಲಿರೋ ಆರೋಗ್ಯಮಿತ್ರರ ಹತ್ರ ಮುಂಚೇನೇ ಕೇಳಿ. ಬೆಂಗಳೂರಲ್ಲಿ ವಿಕ್ಟೋರಿಯಾ ಆವರಣದಲ್ಲಿರೋ ಸರ್ಕಾರಿ ಗ್ಯಾಸ್ಟ್ರೋ ಸಂಸ್ಥೆಯ ಬಾಗಿಲೂ ಒಂದ್ಸಲ ತಟ್ಟಿ.

ಎರಡನೇ ಅಭಿಪ್ರಾಯಕ್ಕೆ ಹೋಗೋವಾಗ ಫೈಲಲ್ಲಿ ಇವಿಷ್ಟು ಇರ್ಲಿ: ಮಾರ್ಕರ್ ಎಕ್ಸ್‌ರೇಗಳು ಗಂಟೆ ಸಮೇತ, ಮ್ಯಾನೋಮೆಟ್ರಿ ಮತ್ತು ಬಲೂನ್ ರಿಪೋರ್ಟು, ಮಾಡಿಸಿದ್ರೆ ಡೆಫಿಕೋಗ್ರಫಿ ಸಿಡಿ, ತಗೊಂಡ ಮಾತ್ರೆಗಳ ಪಟ್ಟಿ ಎಷ್ಟು ದಿನ ಎಷ್ಟು ಡೋಸ್ ಅಂತ. ಜೊತೆಗೆ ಒಂದು ತಿಂಗಳ ಡೈರಿ. ಅಕ್ಕ ಮಗನ ಹಳೇ ಗಣಿತದ ನೋಟ್‌ಬುಕ್ಕಲ್ಲಿ ಬರೀತಿದ್ಲು, ಎಷ್ಟು ಗಂಟೆಗೆ ಹೋದೆ, ಎಷ್ಟು ಹೊತ್ತು ಕೂತೆ, ಗಟ್ಟಿನಾ ಮೆತ್ತಗಾ, ಪೂರ್ತಿ ಆಯ್ತಾ. ಆ ಎರಡನೇ ಸರ್ಜನ್ನು ಸ್ಕ್ಯಾನ್ ಫಿಲ್ಮ್ ಪಕ್ಕಕ್ಕಿಟ್ಟು ಹತ್ತು ನಿಮಿಷ ಓದಿದ್ದು ಆ ನೋಟ್‌ಬುಕ್ಕನ್ನೇ, "ದಿನಾ ಹೋಗ್ಬೇಕು ಅನ್ಸುತ್ತೆ ಅಂತ ಬರ್ದಿದೀರ, ಬರೋದು ಮಾತ್ರ ಇಲ್ಲ, ಹಾಗಾದ್ರೆ ಕರುಳು ತಳ್ತಾ ಇದೆಯಲ್ಲಮ್ಮ" ಅಂತ ಅವರು ಹೇಳಿದ ಮೇಲೇನೇ ಬಲೂನ್ ಟೆಸ್ಟ್ ಚೀಟಿ ಬರ್ಕೊಟ್ಟಿದ್ದು.